ಅದಿರಿನ ದಂಡ, ನೆರಳಿನ ಬಾಕಿ

ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ ಕಡ್ಡಿರಾಂಪುರ ಸಿಗುತ್ತದೆ. ಬಾಳೆ, ಕಬ್ಬು, ಕಾಲುವೆ, ವಿಜಯನಗರ ಕಾಲದ ಗೋರಿಗಳು. ಪ್ರವಾಸಿ ಬಸ್ಸುಗಳು ಇಲ್ಲಿ ನಿಲ್ಲುವುದು ಅಪರೂಪ. ಈ ಸೀಮೆಯ ಇತ್ತೀಚಿನ ಕಥೆ ಕೇಳಬೇಕೆಂದರೆ ಮಾತ್ರ ಇಲ್ಲೇ ಇಳಿಯಬೇಕು.

2011ರ ಜುಲೈ ಕೊನೆಯ ವಾರ. 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆಯ ವರದಿ ಸಲ್ಲಿಸಿದರು. 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಳನ್ನೆಲ್ಲ ನಿಲ್ಲಿಸಿತು. ಆ ದಿನಗಳಲ್ಲೇ ಸ್ಮಾರಕ ಉಳಿಸಲೆಂದು ಹಂಪಿಯ ವಿರೂಪಾಕ್ಷ ಬಜಾರಿಗೆ ಜೆಸಿಬಿ ಬಂತು. ಕಲ್ಲುಮಂಟಪಗಳನ್ನೇ ಮನೆ, ಅಂಗಡಿ ಮಾಡಿಕೊಂಡಿದ್ದ ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಬೀದಿಗೆ ಬಂದವು. ಅವರಿಗೆ ತೋರಿಸಿದ ಜಾಗವೇ ಕಡ್ಡಿರಾಂಪುರ. ನಿವೇಶನ, ಪರಿಹಾರ ಅಂತ ಕಚೇರಿ ಅಲೆದದ್ದು ವರ್ಷಗಟ್ಟಲೆ.

ಗಣಿ, ಬಜಾರು ಎರಡು ಕಡೆಯೂ ಗೆದ್ದದ್ದು ಕಾನೂನೇ, ಅದರಲ್ಲಿ ತಕರಾರಿಲ್ಲ. ಬೆಟ್ಟ ಉಳಿಯಬೇಕಿತ್ತು, ಸ್ಮಾರಕವೂ ಉಳಿಯಬೇಕಿತ್ತು. ಆದರೆ ಮರುದಿನ ಬೆಳಿಗ್ಗೆ ಕೈಗೆ ಕೆಲಸವಿಲ್ಲದೆ ಎದ್ದವರು ಲೀಸು ಹಿಡಿದವರಲ್ಲ. ಲಾರಿ ಕ್ಲೀನರು, ಅದಿರು ಒಡೆಯುವ ಹೆಂಗಸು, ಗುಡಿ ಮುಂದೆ ಹೂವು ಮಾರುವಾಕೆ.

2003ರಿಂದಾಚೆಗೆ ಚೀನಾ ಅದಿರಿಗೆ ಬಾಯ್ತೆರೆದಾಗ ಸಂಡೂರು ರಸ್ತೆ ಹಗಲಿರುಳೂ ಮಲಗಲಿಲ್ಲ. ಬೇವಿನ ಎಲೆ ಹಸಿರೋ ಕೆಂಪೋ ತಿಳಿಯಲು ಬೆರಳಲ್ಲಿ ಒರೆಸಿ ನೋಡಬೇಕಿತ್ತು. ಸಾಲ ಮಾಡಿ ಲಾರಿ ಕೊಂಡವರೆಷ್ಟೋ. ನಿಷೇಧ ಬಂದ ಮೇಲೆ ಅವೇ ಲಾರಿಗಳು ಊರಾಚೆ ಸಾಲಾಗಿ ನಿಂತವು. ಟೈರಿನ ಗಾಳಿ ಹೋಯಿತು, ಕಂತು ಮಾತ್ರ ನಿಲ್ಲಲಿಲ್ಲ.

ಈ ಅಕ್ರಮ ಅಗೆತಕ್ಕೆ ಲೆಕ್ಕ ಕೇಳಿದ್ದು ಧಾರವಾಡದ ಸಮಾಜ ಪರಿವರ್ತನ ಸಮುದಾಯ. ಎಸ್.ಆರ್. ಹಿರೇಮಠರ ಈ ಸಂಘಟನೆ 2009ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಗಣಿಗಳು ಅಕ್ರಮದ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ಮೂರು ಪಾಲಾದವು. ಸಿ ವರ್ಗದ ಗುತ್ತಿಗೆ ರದ್ದು. ಬಿ ವರ್ಗದವರು ಗಡಿ ಮೀರಿ ಅಗೆದ ಪ್ರತಿ ಹೆಕ್ಟೇರಿಗೆ 5 ಕೋಟಿ, ಮಣ್ಣು ಸುರಿದ ಹೆಕ್ಟೇರಿಗೆ 1 ಕೋಟಿ ತೆರಬೇಕು. ಅದಿರು ಮಾರಿದ ಹಣದಲ್ಲೂ ಒಂದು ಪಾಲು ಗಾಯಗೊಂಡ ನೆಲಕ್ಕೇ ಸಲ್ಲಬೇಕು. ಆ ಹಣ ಖರ್ಚು ಮಾಡಲೆಂದೇ 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಹುಟ್ಟಿತು. ಮರುವರ್ಷ ಕೇಂದ್ರದ ಕಾನೂನಿನಿಂದ ಜಿಲ್ಲಾ ಖನಿಜ ಪ್ರತಿಷ್ಠಾನವೂ ಬಂತು. ಹಳೆ ಗಣಿಗಳು ರಾಜಧನದ 30%ರಷ್ಟನ್ನು ಅಲ್ಲಿಗೆ ಕಟ್ಟಬೇಕು.

ಹಣ ಸೇರುತ್ತಾ ಹೋಯಿತು, ಕೆಲಸ ಕೂತೇ ಇತ್ತು. ಸುಮಾರು 25 ಸಾವಿರ ಕೋಟಿಯ ಪುನಶ್ಚೇತನ ಯೋಜನೆಗೆ ಕೋರ್ಟು ಹಸಿರು ನಿಶಾನೆ ತೋರಿದ್ದು 2022ರಲ್ಲಿ. ಮೇಲುಸ್ತುವಾರಿ ವಹಿಸಿದ್ದು ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರಿಗೆ. ತಮಾಷೆ ನೋಡಿ, ಬಳ್ಳಾರಿಯ ಅದಿರಿನ ವಾರ್ಷಿಕ ಮಿತಿಯನ್ನು ಕೋರ್ಟು 3.5 ಕೋಟಿ ಟನ್ನಿಗೆ ಏರಿಸಿದ್ದೂ ಅದೇ ವರ್ಷ; 2013ರಲ್ಲಿ ಅದು 2.5 ಕೋಟಿ ಇತ್ತು. ಗಾಯಕ್ಕೆ ಮುಲಾಮು ಹಚ್ಚುತ್ತಲೇ ಅಗೆತ ನಡೆದಿದೆ.

ಇದಕ್ಕೆ ಹೋಲಿಸಿ ನೋಡಿ: ಜರ್ಮನಿಯ ರೂರ್ ಸೀಮೆಯವರು ಕೊನೆಯ ಕಲ್ಲಿದ್ದಲು ಗಣಿ ಮುಚ್ಚಿದ್ದು 2018ರಲ್ಲಿ. ಅಷ್ಟರೊಳಗೆ ಅಲ್ಲಿನ ಹಳೆ ಗಣಿಯೊಂದು ವಿಶ್ವ ಪರಂಪರೆ ತಾಣವಾಗಿತ್ತು, ನೂರು ವರ್ಷ ಚರಂಡಿಯಾಗಿದ್ದ ಎಮ್ಷರ್ ನದಿಯನ್ನು ಶುದ್ಧ ಮಾಡುವ ಕೆಲಸ ದಶಕಗಳಿಂದ ನಡೆದಿತ್ತು. ನಮ್ಮಲ್ಲಿ ಪರಂಪರೆಯ ಕಡತ ಬೇರೆ, ಗಣಿಯ ಕಡತ ಬೇರೆ, ಕಾಲುವೆಯದು ಇನ್ನೂ ಬೇರೆ. ಕಡ್ಡಿರಾಂಪುರದವನಿಗೆ ಮೂರೂ ಒಂದೇ ಅಂಗಳದಲ್ಲಿ ಬಂದು ಬೀಳುತ್ತವೆ.

ಏಪ್ರಿಲ್‌ನ ಮಧ್ಯಾಹ್ನ ಈ ಸೀಮೆಯ ತಗಡಿನ ಮನೆಯೊಂದರೊಳಗೆ ಅರ್ಧ ಗಂಟೆ ಕೂತು ನೋಡಿ. ಫ್ಯಾನು ಬಿಸಿ ಗಾಳಿಯನ್ನೇ ತಿರುವುತ್ತದೆ. ಕೊಡದ ನೀರು ಬೆಚ್ಚಗಾಗಿರುತ್ತದೆ, ಹೊರಗೆ ನಾಯಿ ಟ್ಯಾಂಕಿನಡಿಯ ಒದ್ದೆ ಮಣ್ಣು ಕೆರೆದು ಮಲಗಿರುತ್ತದೆ. ಕಲ್ಲುಮಂಟಪದೊಳಗಿನ ತಂಪು ಕಳಕೊಂಡವರಿಗೆ ನಿವೇಶನದ ಪತ್ರ ಸಿಕ್ಕಿರಬಹುದು; ಆ ತಂಪಿಗೆ ಯಾವ ಪರಿಹಾರದ ಪಟ್ಟಿಯಲ್ಲೂ ಕಾಲಂ ಇಲ್ಲ.

ನೀರಿನ ಮಾತೂ ಅಷ್ಟೇ. ತುಂಗಭದ್ರಾ ಅಣೆಕಟ್ಟಿನಲ್ಲಿ ಮೊದಲು 133 ಟಿಎಂಸಿ ನೀರು ಹಿಡಿಯುತ್ತಿತ್ತು, ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. ಮಳೆ ಬಂದರೆ ಒಮ್ಮೆಲೇ, ಹೋದರೆ ಪೂರ್ತಿ ಅನ್ನುವ ಕಾಲದಲ್ಲಿ ಜಲಾಶಯ ಕಿರಿದಾಗುವುದು ಸಣ್ಣ ಸಂಗತಿಯಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ರೈತರು ನದಿಗೆ ಹರಿದ ನೀರಿನ ಲೆಕ್ಕ ಹಾಕಿದರು. ಭೂಮಿಯಿಲ್ಲದವರ ಲೆಕ್ಕ ಬೇರೆ: ಎರಡನೇ ಬೆಳೆ ಇಲ್ಲವೆಂದರೆ ನಾಟಿಯಿಲ್ಲ, ನಾಟಿಯಿಲ್ಲವೆಂದರೆ ಕೂಲಿಯಿಲ್ಲ.

25 ಸಾವಿರ ಕೋಟಿಯಲ್ಲಿ ರಸ್ತೆ, ಕಟ್ಟಡಗಳಿಗೂ ಪಾಲಿದೆ. ಬೇಡ ಅನ್ನುತ್ತಿಲ್ಲ. ಆದರೆ ದೂಳು ತಿಂದವರಿಗೆ ಮೊದಲು ಬೇಕಾದದ್ದು ಕುಡಿಯುವ ನೀರು, ಹೊಂಗೆ-ಬೇವಿನ ಸಾಲು, ತಗಡಿನ ಬದಲು ತಂಪು ಸೂರು, ಕೆರೆಯ ಹೂಳೆತ್ತುವ ಕೂಲಿ. ಖನಿಜ ಪ್ರತಿಷ್ಠಾನದ 2024ರ ಮಾರ್ಗಸೂಚಿಯಂತೆ ಗಣಿಯಿಂದ 15 ಕಿಲೋಮೀಟರ್ ಒಳಗಿನವರು ನೇರ ಬಾಧಿತರು, 25ರವರೆಗೆ ಪರೋಕ್ಷ ಬಾಧಿತರು. ಪ್ರತಿಷ್ಠಾನದ ಹಣದಲ್ಲಿ ಕನಿಷ್ಠ 70% ನೀರು, ಆರೋಗ್ಯ, ಪರಿಸರದಂಥ ಆದ್ಯತೆಯ ಕೆಲಸಗಳಿಗೇ ಹೋಗಬೇಕು.

ಆದ್ದರಿಂದ ಹೊಸಪೇಟೆ, ಸಂಡೂರು ಸೀಮೆಯ ಓದುಗರಲ್ಲಿ ಒಂದೇ ಕೋರಿಕೆ. ಮುಂದಿನ ಗ್ರಾಮಸಭೆಗೆ ಹೋಗಿ. ನಮ್ಮೂರು ಗಣಿಯಿಂದ ಎಷ್ಟು ಕಿಲೋಮೀಟರು, ನಮ್ಮ ಹೆಸರಿನಲ್ಲಿ ಎಷ್ಟು ಹಣ ಬಂದಿದೆ, ಎಷ್ಟು ಗಿಡ ನೆಟ್ಟಿರಿ, ಅವುಗಳಲ್ಲಿ ಬದುಕಿರುವುದೆಷ್ಟು ಎಂದು ಎದ್ದು ನಿಂತು ಕೇಳಿ. ಉತ್ತರವನ್ನು ನಡಾವಳಿಯಲ್ಲಿ ಬರೆಸಿ.