ಒಡೆದ ಕೂಟದಲ್ಲಿ ಉಳಿದ ಮನೆ

ಸೋಲು ಗೆಲುವುಗಳು ಆಟದ ಧರ್ಮ. ಇಂದು ಸೋತವನು ನಾಳೆ ಮತ್ತೆ ಬಂದು ಆಡಬಹುದೆಂಬ ಭರವಸೆಯಿರುವುದರಿಂದಲೇ ಆಟದ ಸೋಲು ಯಾರ ಬಾಳನ್ನೂ ಕೆಡಿಸುವುದಿಲ್ಲ. ಆದರೆ ಜೊತೆಯಲ್ಲಿ ಆಡುವವರೇ ಎದ್ದು ಹೋದರೆ ಗತಿಯೇನು? ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಪಶ್ಚಿಮ ತೀರದಲ್ಲಿರುವ ಒರೆಗಾನ್ ಸ್ಟೇಟ್ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ತಂಡಕ್ಕೆ ೨೦೨೩ನೆಯ ಇಸವಿಯಲ್ಲಿ ಒದಗಿದ ಸಂಕಟವು ಈ ಬಗೆಯದು. ಹಿಂದೊಮ್ಮೆ ಇಪ್ಪತ್ತೆಂಟು ವರ್ಷ ಎಡೆಬಿಡದೆ ಸೋಲುಂಡರೂ ಈ ತಂಡವು ಬದುಕಿಕೊಂಡಿತ್ತು. ಚೆನ್ನಾಗಿ ಗೆಲ್ಲುತ್ತಿದ್ದ ಕಾಲದಲ್ಲಿಯೇ ಅದು ನೆರೆಯಿಲ್ಲದೆ ನಿಂತಿತು. ಈ ವಿಚಿತ್ರವು ಹೇಗೆ ನಡೆಯಿತೆಂಬುದನ್ನು ನಮ್ಮ ವಾಚಕರ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶ.

ಮೊದಲು ಒಂದೆರಡು ಸಂಗತಿಗಳನ್ನು ತಿಳಿಸುವುದು ಅವಶ್ಯಕ. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟವು ನಮ್ಮಲ್ಲಿ ಹುಡುಗರು ಬಯಲಿನಲ್ಲಿ ಆಡುವ ಕಾಲ್ಚೆಂಡಲ್ಲ. ಅವರ ಚೆಂಡು ಮೊಟ್ಟೆಯಾಕಾರದ್ದು. ಅದನ್ನು ಕಾಲಿನಿಂದ ಒದೆಯುವುದಕ್ಕಿಂತ ಕೈಯಲ್ಲಿ ಹಿಡಿದು ಓಡುವುದೂ ಎಸೆಯುವುದೂ ಹೆಚ್ಚು. ತಲೆಗೆ ಗಟ್ಟಿಯಾದ ಶಿರಸ್ತ್ರಾಣವನ್ನು ಧರಿಸಿ, ಪಕ್ಷಕ್ಕೆ ಹನ್ನೊಂದು ಜನರು ನೂರು ಗಜದ ಅಂಕಣದಲ್ಲಿ ಸೆಣಸುತ್ತಾರೆ. ಈ ಆಟಕ್ಕೆ ಆ ದೇಶದ ವಿಶ್ವವಿದ್ಯಾನಿಲಯಗಳಲ್ಲಿರುವ ಮಾನ್ಯತೆಯನ್ನು ಊಹಿಸುವುದೂ ನಮಗೆ ಕಷ್ಟ. ಶರತ್ಕಾಲದ ಶನಿವಾರಗಳಲ್ಲಿ ಊರಿಗೆ ಊರೇ ಕ್ರೀಡಾಂಗಣಕ್ಕೆ ನಡೆಯುತ್ತದೆ. ಹಳೆಯ ವಿದ್ಯಾರ್ಥಿಗಳು ಮಕ್ಕಳು ಮೊಮ್ಮಕ್ಕಳೊಡನೆ ದೂರದಿಂದ ಬರುತ್ತಾರೆ. ಜಾತ್ರೆಗೂ ಅದಕ್ಕೂ ಬಹಳ ಅಂತರವಿಲ್ಲ.

ಇಂತಹ ವಿಶ್ವವಿದ್ಯಾನಿಲಯಗಳು ಒಂದೊಂದು ಪ್ರಾಂತದಲ್ಲಿ ಕೂಡಿಕೊಂಡು ಕಟ್ಟಿದ ಕೂಟಕ್ಕೆ ಕಾನ್ಫರೆನ್ಸ್ ಎಂದು ಹೆಸರು. ಯಾರು ಯಾರೊಡನೆ ಎಂದು ಆಡಬೇಕು, ಬಂದ ಹಣವನ್ನು ಹೇಗೆ ಹಂಚಿಕೊಳ್ಳಬೇಕು ಎಂಬುದನ್ನೆಲ್ಲ ಕೂಟವೇ ಗೊತ್ತುಮಾಡುತ್ತದೆ. ಅವಿಭಕ್ತ ಕುಟುಂಬದಲ್ಲಿ ಹೆಚ್ಚು ಗಳಿಸುವ ಅಣ್ಣನಿಗೂ ಕಡಿಮೆ ಗಳಿಸುವ ತಮ್ಮನಿಗೂ ಒಂದೇ ಪಂಕ್ತಿಯಲ್ಲಿ ಎಲೆ ಬೀಳುವಂತೆ, ಕೂಟದಲ್ಲಿ ಬಲಿಷ್ಠ ತಂಡದ ಆಶ್ರಯದಲ್ಲಿ ದುರ್ಬಲ ತಂಡವೂ ಉಳಿದುಕೊಳ್ಳುತ್ತದೆ.

ಒರೆಗಾನ್ ಸ್ಟೇಟ್ ಇರುವುದು ಕೊರ್ವಾಲಿಸ್ ಎಂಬ ಊರಿನಲ್ಲಿ. ಜನಸಂಖ್ಯೆ ಸುಮಾರು ೬೦,೦೦೦. ೧೮೬೨ರಲ್ಲಿ ಅಮೆರಿಕದ ಸರಕಾರವು ಕೃಷಿ ಮತ್ತು ಕೈಗಾರಿಕೆಗಳ ಶಿಕ್ಷಣಕ್ಕಾಗಿ ಪ್ರತಿಯೊಂದು ಸಂಸ್ಥಾನಕ್ಕೂ ಭೂಮಿಯನ್ನು ದಾನಮಾಡುವ ಶಾಸನವನ್ನು ಮಾಡಿತು. ಆ ದಾನದ ಫಲವನ್ನು ಒರೆಗಾನ್ ಸಂಸ್ಥಾನವು ೧೮೬೮ರಲ್ಲಿ ಈ ಊರಿನ ಕಾಲೇಜಿಗೆ ಒಪ್ಪಿಸಿತು. ಒಕ್ಕಲುತನ, ಅರಣ್ಯ, ಯಂತ್ರವಿದ್ಯೆಗಳನ್ನು ಕಲಿಸುವ ಈ ಕಾಲೇಜು, ೧೯೧೫ರಲ್ಲಿ ಕ್ಯಾಲಿಫೋರ್ನಿಯ, ವಾಷಿಂಗ್ಟನ್ ಮತ್ತು ಒರೆಗಾನ್ ವಿಶ್ವವಿದ್ಯಾನಿಲಯಗಳೊಡನೆ ಕೂಡಿ ಪೆಸಿಫಿಕ್ ಕರಾವಳಿ ಕೂಟವನ್ನು ಸ್ಥಾಪಿಸಿತು. ಹಾಗೆ ಅದು ಆ ಮನೆಗೆ ಅಸ್ತಿಭಾರ ಹಾಕಿದ ನಾಲ್ವರಲ್ಲಿ ಒಂದು. ಪುಲ್ಮನ್ ಎಂಬ ಇನ್ನೊಂದು ಚಿಕ್ಕ ಊರಿನ ವಾಷಿಂಗ್ಟನ್ ಸ್ಟೇಟ್ ೧೯೧೭ರಲ್ಲಿ ಸೇರಿತು. ೧೯೪೨ರ ಜನವರಿ ೧ರಂದು, ಜಪಾನಿನ ದಾಳಿಯ ಭಯದಿಂದ ಪ್ರಸಿದ್ಧವಾದ ರೋಸ್ ಬೌಲ್ ಪಂದ್ಯವನ್ನು ಕ್ಯಾಲಿಫೋರ್ನಿಯದಿಂದ ತೆಗೆದು ಪೂರ್ವತೀರದ ಉತ್ತರ ಕೆರೊಲಿನಕ್ಕೆ ಸಾಗಿಸಿದಾಗ, ಕೊರ್ವಾಲಿಸಿನ ಹುಡುಗರು ಖಂಡವನ್ನೆಲ್ಲ ದಾಟಿ ಹೋಗಿ, ಡ್ಯೂಕ್ ವಿಶ್ವವಿದ್ಯಾನಿಲಯವನ್ನು ಅದರ ಸ್ವಂತ ಅಂಗಣದಲ್ಲಿಯೇ ೨೦–೧೬ರಿಂದ ಸೋಲಿಸಿ ಬಂದರು. ಈ ಮಾತನ್ನು ಆ ಊರಿನವರು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುವರು.

ಈ ಮನೆಯು ಒಡೆದದ್ದು ೨೦೨೩ರಲ್ಲಿಯೇ ಮೊದಲಲ್ಲ. ಆಟಗಾರರಿಗೆ ಗುಟ್ಟಾಗಿ ಹಣ ಕೊಟ್ಟ ಹಗರಣಗಳ ಫಲವಾಗಿ ಕೂಟವು ೧೯೫೯ರಲ್ಲಿ ಮುರಿದುಬಿದ್ದಿತು. ದೊಡ್ಡ ವಿದ್ಯಾಲಯಗಳು ಐದು ಕೂಡಿ ಹೊಸ ಕೂಟವನ್ನು ಮಾಡಿಕೊಂಡುವು. ಒರೆಗಾನ್, ಒರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಮತ್ತು ಐಡಾಹೋಗಳು ಹೊರಗುಳಿದುವು. ಹೀಗೆ ಮನೆಯಿಲ್ಲದ ದಿನಗಳಲ್ಲಿಯೇ, ೧೯೬೨ರಲ್ಲಿ, ಒರೆಗಾನ್ ಸ್ಟೇಟಿನ ಟೆರಿ ಬೇಕರ್ ಎಂಬ ತರುಣನಿಗೆ ಆ ದೇಶದ ಶ್ರೇಷ್ಠ ಕಾಲೇಜು ಆಟಗಾರನಿಗೆ ಸಲ್ಲುವ ಹೈಸ್‌ಮನ್ ಪಾರಿತೋಷಕವು ಬಂದಿತು. ಪಶ್ಚಿಮ ತೀರದವರಲ್ಲಿ ಅದನ್ನು ಪಡೆದವರಲ್ಲಿ ಆತನೇ ಮೊದಲಿಗ. ವಾಷಿಂಗ್ಟನ್ ಸ್ಟೇಟನ್ನು ೧೯೬೨ರಲ್ಲಿಯೂ ಒರೆಗಾನಿನ ಎರಡನ್ನೂ ೧೯೬೪ರಲ್ಲಿಯೂ ಒಳಕ್ಕೆ ಕರೆದುಕೊಂಡರು. ಐಡಾಹೋವನ್ನು ಮಾತ್ರ ಯಾರೂ ಕರೆಯಲಿಲ್ಲ. ಪುಲ್ಮನ್ನಿನಿಂದ ಹದಿಮೂರು ಕಿಲೋಮೀಟರು ದೂರದಲ್ಲಿರುವ ಆ ವಿದ್ಯಾಲಯವು ಒಂದು ಕೂಟದಿಂದ ಇನ್ನೊಂದಕ್ಕೆ ಅಲೆದು, ಕೊನೆಗೆ ೨೦೧೮ರಲ್ಲಿ ತಾನಾಗಿಯೇ ಕೆಳಗಿನ ದರ್ಜೆಗೆ ಇಳಿಯಿತು. ಕರೆ ಬಾರದವರ ಗತಿಯೇನೆಂಬುದಕ್ಕೆ ಆ ನೆರೆಮನೆಯೇ ಸಾಕ್ಷಿ.

ಮರಳಿ ಮನೆ ಸೇರಿದ ಒರೆಗಾನ್ ಸ್ಟೇಟಿಗೆ ಬಂದ ದುರ್ದಶೆಯನ್ನು ಕೇಳಿರಿ. ೧೯೭೧ರಿಂದ ೧೯೯೮ರ ವರೆಗೆ, ಅಂದರೆ ಇಪ್ಪತ್ತೆಂಟು ವರ್ಷ, ಅದು ಒಂದು ವರ್ಷವಾದರೂ ಸೋಲಿಗಿಂತ ಹೆಚ್ಚಾಗಿ ಗೆಲುವನ್ನು ಕಾಣಲಿಲ್ಲ. ಆಗ ಹುಟ್ಟಿದ ಮಗುವು ಬೆಳೆದು, ಅದೇ ಕಾಲೇಜಿನಲ್ಲಿ ಓದಿ, ಪದವಿ ಪಡೆದು ಹೊರಟರೂ ಒಂದು ಒಳ್ಳೆಯ ವರ್ಷವನ್ನು ನೋಡಿರಲಿಲ್ಲ. ಆದರೂ ತಂಡವು ಮುಚ್ಚಲಿಲ್ಲ. ಕಾರಣವೇನೆಂದರೆ, ಪ್ರತಿ ವರ್ಷವೂ ನೆರೆಯ ದೊಡ್ಡ ವಿದ್ಯಾಲಯಗಳು ಆಡಲು ಬರುತ್ತಿದ್ದುವು. ಕೂಟದ ಪಾಲು ಬರುತ್ತಿದ್ದಿತು. ಅರುವತ್ತೈದು ಕಿಲೋಮೀಟರು ದೂರದ ಯೂಜೀನ್ ಪಟ್ಟಣದ ಒರೆಗಾನ್ ವಿಶ್ವವಿದ್ಯಾನಿಲಯದೊಡನೆ ೧೮೯೪ರಿಂದ ನಡೆದುಬಂದ ಪಂದ್ಯವು ನಡೆಯುತ್ತಲೇ ಇದ್ದಿತು. ತಾಳಿದವನು ಬಾಳಿಯಾನು ಎಂಬ ನಮ್ಮ ಗಾದೆಯು ಸುಳ್ಳಾಗಲಿಲ್ಲ. ೨೦೦೦ನೆಯ ಇಸವಿಯಲ್ಲಿ ಹನ್ನೊಂದನ್ನು ಗೆದ್ದು ಒಂದನ್ನು ಮಾತ್ರ ಸೋತು, ಮರುವರ್ಷದ ಮೊದಲ ದಿನ ನಡೆದ ಫಿಯೆಸ್ಟ ಬೌಲ್ ಪಂದ್ಯದಲ್ಲಿ ಪ್ರಖ್ಯಾತವಾದ ನಾಟ್ರ್ ಡೇಮ್ ತಂಡವನ್ನು ೪೧–೯ರಿಂದ ಅದು ಸದೆಬಡಿಯಿತು.

ಹಾಗಾದರೆ ಇಂತಹ ಕೂಟವು ಮತ್ತೆ ಒಡೆಯಲು ಕಾರಣವೇನು? ಒಂದೇ ಮಾತಿನಲ್ಲಿ ಹೇಳುವುದಾದರೆ, ಟೆಲಿವಿಷನ್ನಿನ ಹಣ. ೧೯೮೪ರ ವರೆಗೆ ಯಾವ ಪಂದ್ಯವನ್ನು ಪ್ರಸಾರಮಾಡಬೇಕೆಂಬುದನ್ನು ಎಲ್ಲ ಕಾಲೇಜುಗಳ ರಾಷ್ಟ್ರೀಯ ಸಂಘವೇ ನಿರ್ಧರಿಸುತ್ತಿದ್ದಿತು. ಆ ವರ್ಷ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಈ ಏಕಸ್ವಾಮ್ಯವು ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು. ಅಂದಿನಿಂದ ಕಾಲೇಜುಗಳೂ ಕೂಟಗಳೂ ತಮ್ಮ ಪಂದ್ಯಗಳನ್ನು ತಾವೇ ಮಾರಿಕೊಳ್ಳತೊಡಗಿದುವು. ನೋಡುವವರು ಹೆಚ್ಚಿದ್ದ ತಂಡಕ್ಕೆ ಬೆಲೆ ಹೆಚ್ಚಿತು. ಚಿಕ್ಕ ಊರಿನ ತಂಡಕ್ಕೆ ತಗ್ಗಿತು. ೨೦೨೧ರ ಜುಲೈಯಲ್ಲಿ ಟೆಕ್ಸಸ್ ಮತ್ತು ಓಕ್ಲಹೋಮ ವಿಶ್ವವಿದ್ಯಾನಿಲಯಗಳು ತಮ್ಮ ಹಳೆಯ ಕೂಟವನ್ನು ಬಿಟ್ಟು ಆಗ್ನೇಯ ಕೂಟಕ್ಕೆ ಹೊರಟಾಗ ಎಲ್ಲರಿಗೂ ದಿಗಿಲು ಹುಟ್ಟಿತು. ೨೦೨೨ರಲ್ಲಿ ಬಿಗ್ ಟೆನ್ ಎಂಬ ಕೂಟವು ಏಳು ವರ್ಷಗಳಿಗೆ ೭೦೦ ಕೋಟಿ ಡಾಲರಿಗೂ ಮೀರಿದ ಒಪ್ಪಂದವನ್ನು ಮಾಡಿಕೊಂಡಿತು.

ಆಗ ಪ್ಯಾಕ್-೧೨ ಎಂಬ ಹೆಸರಿನಿಂದ ಹನ್ನೆರಡು ಸದಸ್ಯರಿದ್ದ ಪೆಸಿಫಿಕ್ ಕೂಟದಿಂದ, ೨೦೨೨ರ ಜೂನ್ ೩೦ರಂದು ಲಾಸ್ ಏಂಜಲೀಸಿನ ಎರಡು ವಿಶ್ವವಿದ್ಯಾನಿಲಯಗಳು ಬಿಗ್ ಟೆನ್ನಿಗೆ ಹೋಗುವುದಾಗಿ ಸಾರಿದುವು. ಮರುವರ್ಷ ಜುಲೈಯಲ್ಲಿ ಕೊಲರಾಡೊ ಹೊರಟಿತು. ಆಗಸ್ಟ್ ೪ರಂದು ಒಂದೇ ದಿನದಲ್ಲಿ ಒರೆಗಾನ್, ವಾಷಿಂಗ್ಟನ್, ಅರಿಜೋನ, ಅರಿಜೋನ ಸ್ಟೇಟ್, ಯೂಟಾ ಎಂಬ ಐದು ಹೊರಟುವು. ಸೆಪ್ಟೆಂಬರ್ ೧ರಂದು ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲಿಫೋರ್ನಿಯಗಳು ಹೊರಟುವು. ಪೆಸಿಫಿಕ್ ಸಮುದ್ರದ ದಡದವರು ಹೋಗಿ ಸೇರಿದ್ದು ಅಟ್ಲಾಂಟಿಕ್ ಕರಾವಳಿ ಕೂಟವನ್ನು! ಹನ್ನೆರಡರಲ್ಲಿ ಉಳಿದದ್ದು ಎರಡೇ: ಕೊರ್ವಾಲಿಸಿನ ಒರೆಗಾನ್ ಸ್ಟೇಟ್, ಪುಲ್ಮನ್ನಿನ ವಾಷಿಂಗ್ಟನ್ ಸ್ಟೇಟ್. ಒರೆಗಾನ್ ಸ್ಟೇಟ್ ಅದಕ್ಕೆ ಹಿಂದಿನ ವರ್ಷ ಹದಿಮೂರರಲ್ಲಿ ಹತ್ತು ಪಂದ್ಯಗಳನ್ನು ಗೆದ್ದಿದ್ದಿತು. ಹದಿನಾರು ಕೋಟಿ ಡಾಲರಿಗೂ ಮಿಕ್ಕ ವೆಚ್ಚದಲ್ಲಿ ನವೀಕರಿಸಿದ ಅದರ ಕ್ರೀಡಾಂಗಣವು ಅದೇ ಸೆಪ್ಟೆಂಬರಿನಲ್ಲಿಯೇ ತೆರೆಯಿತು. ಮನೆಯನ್ನು ಅಲಂಕರಿಸಿ ಬಾಗಿಲು ತೆರೆಯುವಷ್ಟರಲ್ಲಿ ನೆಂಟರೆಲ್ಲ ಊರು ಬಿಟ್ಟಂತಾಯಿತು.

ಹೊರಟವರೆಲ್ಲರೂ ದುರಾಶೆಯವರೆಂದು ಹೇಳುವುದು ನ್ಯಾಯವಲ್ಲ. ಅವರಿಗೂ ಹಿಂದುಳಿಯುವ ಭಯವಿದ್ದಿತು. ಒರೆಗಾನ್ ಮತ್ತು ವಾಷಿಂಗ್ಟನ್‌ಗಳು ಹೊಸ ಕೂಟದಲ್ಲಿ ಪೂರ್ಣ ಪಾಲಿಗಿಂತ ಕಡಿಮೆಗೆ ಒಪ್ಪಿಕೊಂಡುವು. ಸ್ಟ್ಯಾನ್‌ಫರ್ಡ್ ಕ್ಯಾಲಿಫೋರ್ನಿಯಗಳು ಮೊದಲ ಏಳು ವರ್ಷ ಪಾಲಿನಲ್ಲಿ ನೂರಕ್ಕೆ ಮೂವತ್ತರಷ್ಟನ್ನು ಮಾತ್ರ ಪಡೆಯಲು ಒಪ್ಪಿದುವು. ಲಾಸ್ ಏಂಜಲೀಸಿನ ಹುಡುಗ ಹುಡುಗಿಯರು ಸುಮಾರು ನಾಲ್ಕು ಸಾವಿರ ಕಿಲೋಮೀಟರು ದೂರದ ನ್ಯೂ ಜೆರ್ಸಿಯ ತಂಡದವರೊಡನೆ ಒಂದೇ ಕೂಟದವರಾದರು. ಇದರಲ್ಲಿ ಓದಿಗೆ ಎಷ್ಟು ಹೊತ್ತು ಉಳಿಯುವುದೆಂದು ಕೇಳುವವರು ವಿರಳ. ದುಡ್ಡೇ ದೊಡ್ಡಪ್ಪ, ವಿದ್ಯೆಯೇ ಅದರಪ್ಪ ಎಂದು ನಮ್ಮ ಹಿರಿಯರು ಹೇಳಿದರು. ಅಲ್ಲಿ ವಿದ್ಯೆಯ ಮನೆಯಲ್ಲಿಯೇ ಮಗನು ಅಪ್ಪನನ್ನು ಆಳುವಂತಾಯಿತು.

ಉಳಿದ ಎರಡು ಸುಮ್ಮನೆ ಕುಳಿತಿರಲಿಲ್ಲ. ವಾಷಿಂಗ್ಟನ್ ಸಂಸ್ಥಾನದ ವಿಟ್ಮನ್ ಜಿಲ್ಲೆಯ ನ್ಯಾಯಾಲಯದಲ್ಲಿ ದಾವೆ ಹೂಡಿದುವು. ಪಾಲು ಬೇಡವೆಂದು ಹೊರಟವರು ಉಳಿದ ಮನೆಯ ಆಸ್ತಿಯನ್ನು ಹಂಚುವುದಕ್ಕೆ ಪಂಚಾಯಿತಿಯಲ್ಲಿ ಕೂರಬಹುದೆ ಎಂಬುದೇ ಪ್ರಶ್ನೆ. ನಮ್ಮ ಹಳ್ಳಿಯ ಹಿರಿಯರಿಗೂ ಅರ್ಥವಾಗುವ ಪ್ರಶ್ನೆಯಿದು. ೨೦೨೩ರ ನವೆಂಬರಿನಲ್ಲಿ ನ್ಯಾಯಾಧೀಶರು ಉಳಿದವರ ಪರವಾಗಿ ತೀರ್ಪಿತ್ತರು. ಡಿಸೆಂಬರಿನಲ್ಲಿ ಆ ಸಂಸ್ಥಾನದ ಉಚ್ಚತಮ ನ್ಯಾಯಾಲಯವು ಅದರಲ್ಲಿ ಕೈಹಾಕಲು ನಿರಾಕರಿಸಿತು. ಕೂಟದ ಹೆಸರೂ ಬೊಕ್ಕಸದ ಅಧಿಕಾರವೂ ಎರಡೇ ಮನೆಗಳ ಕೈಗೆ ಬಂದುವು.

ಆದರೆ ನ್ಯಾಯಾಲಯವು ಆಸ್ತಿಯನ್ನು ಉಳಿಸಬಲ್ಲುದು, ಆಟಗಾರರನ್ನಲ್ಲ. ಈಚೆಗೆ ವಿದ್ಯಾರ್ಥಿಗಳು ಒಂದು ಕಾಲೇಜನ್ನು ಬಿಟ್ಟು ಇನ್ನೊಂದರಲ್ಲಿ ತಕ್ಷಣವೇ ಆಡಬಹುದೆಂಬ ನಿಯಮವಾಗಿದೆ. ೨೦೨೧ರಿಂದ ತಮ್ಮ ಹೆಸರಿನಿಂದ ಹಣ ಗಳಿಸಲೂ ಅವಕಾಶವಿದೆ. ೨೦೨೫ರಿಂದ ಕಾಲೇಜುಗಳೇ ನೇರವಾಗಿ ಆಟಗಾರರಿಗೆ ಹಣ ಕೊಡತೊಡಗಿವೆ. ಮೊದಲ ವರ್ಷಕ್ಕೆ ಗೊತ್ತುಮಾಡಿದ ಮಿತಿಯು ವಿದ್ಯಾಲಯವೊಂದಕ್ಕೆ ಸುಮಾರು ಎರಡು ಕೋಟಿ ಡಾಲರು. ಬಡವರ ಮನೆಯಲ್ಲಿ ಬೆಳೆದ ಪೈರು ಶ್ರೀಮಂತರ ಕಣಜಕ್ಕೆ ಹೋಗುವುದಕ್ಕೆ ಇದಕ್ಕಿಂತ ಸುಲಭವಾದ ದಾರಿಯುಂಟೆ? ಒರೆಗಾನ್ ಸ್ಟೇಟಿನ ತರಬೇತುದಾರರಾದ ಜೊನಾಥನ್ ಸ್ಮಿತ್, ೨೦೦೦ದ ಗೆಲುವಿನ ತಂಡವನ್ನು ಆಟಗಾರರಾಗಿ ನಡೆಸಿದವರು, ೨೦೨೩ರ ನವೆಂಬರಿನಲ್ಲಿ ಮಿಶಿಗನ್ ಸ್ಟೇಟಿಗೆ ಹೊರಟುಹೋದರು. ೨೦೨೪ರಲ್ಲಿ ತಂಡವು ಐದನ್ನು ಗೆದ್ದು ಏಳನ್ನು ಸೋತಿತು. ೨೦೨೫ರಲ್ಲಿ ಮೊದಲ ಏಳು ಪಂದ್ಯಗಳನ್ನೂ ಸೋತಾಗ ಹೊಸ ತರಬೇತುದಾರರನ್ನು ತೆಗೆದುಹಾಕಿದರು. ವರ್ಷದ ಕೊನೆಗೆ ಗೆಲುವು ಎರಡು, ಸೋಲು ಹತ್ತು. ಆ ವರ್ಷ ಆಡುವುದಕ್ಕೆ ಜೊತೆಯಿಲ್ಲದ ಈ ಎರಡು ತಂಡಗಳು ಒಂದೇ ಋತುವಿನಲ್ಲಿ ತಮ್ಮತಮ್ಮಲ್ಲಿಯೇ ಎರಡು ಸಾರಿ ಆಡಿಕೊಂಡುವು!

ಒಂದು ಆಟವು ಕೆಟ್ಟರೆ ಲೋಕಕ್ಕೇನು ನಷ್ಟವೆಂದು ವಾಚಕರು ಕೇಳಬಹುದು. ಅಂತಹ ವಿದ್ಯಾಲಯಗಳಲ್ಲಿ ಫುಟ್‌ಬಾಲಿನ ಹಣದಿಂದಲೇ ಉಳಿದ ಹಲವು ಆಟಗಳು, ವಿಶೇಷವಾಗಿ ಹೆಣ್ಣುಮಕ್ಕಳ ಆಟಗಳು, ನಡೆಯುತ್ತವೆ; ಅವುಗಳಿಂದ ಎಷ್ಟೋ ಮಕ್ಕಳಿಗೆ ವಿದ್ಯಾರ್ಥಿವೇತನ ದೊರೆಯುತ್ತದೆ. ಚಿಕ್ಕ ಊರಿನ ವಸತಿಗೃಹಗಳೂ ಊಟದ ಮನೆಗಳೂ ಆ ಕೆಲವು ಶನಿವಾರಗಳನ್ನು ನಂಬಿಕೊಂಡಿವೆ. ಆದುದರಿಂದ ಬೇರು ಒಣಗಿದರೆ ಮರವೆಲ್ಲಕ್ಕೂ ಬಾಧೆ. ಆದರೂ ಆ ಊರಿನವರು ಕೈಚೆಲ್ಲಲಿಲ್ಲ. ೨೦೨೫ರಲ್ಲಿ ಯಾವ ಕೂಟವೂ ಇಲ್ಲದೆ ಒಂಟಿಯಾಗಿ ಆಡಿದ ಅವರ ಬೇಸ್‌ಬಾಲ್ ತಂಡವು ರಾಷ್ಟ್ರದ ಕೊನೆಯ ಎಂಟು ತಂಡಗಳಲ್ಲಿ ಒಂದಾಯಿತು. ಬಾಸ್ಕೆಟ್‌ಬಾಲ್ ಆಡುವ ಹೆಣ್ಣುಮಕ್ಕಳು ತಾತ್ಕಾಲಿಕವಾಗಿ ಸೇರಿದ್ದ ಕೂಟದ ಪಂದ್ಯಾವಳಿಯನ್ನು ಅದೇ ವರ್ಷ ಗೆದ್ದರು.

ಕೂಟವೆನ್ನಿಸಿಕೊಳ್ಳಬೇಕಾದರೆ ಎಂಟು ಸದಸ್ಯರಿರಬೇಕೆಂದೂ, ಕಡಿಮೆಯಾದರೆ ತುಂಬಿಕೊಳ್ಳಲು ಎರಡು ವರ್ಷ ಅವಧಿಯೆಂದೂ ನಿಯಮ. ಆ ಅವಧಿಯೊಳಗೆ, ೨೦೨೪ರ ಸೆಪ್ಟೆಂಬರಿನಲ್ಲಿ, ಬಾಯ್ಸಿ ಸ್ಟೇಟ್, ಕೊಲರಾಡೊ ಸ್ಟೇಟ್, ಫ್ರೆಸ್ನೊ ಸ್ಟೇಟ್, ಸಾನ್ ಡಿಯೇಗೊ ಸ್ಟೇಟ್, ಯೂಟಾ ಸ್ಟೇಟ್ ಎಂಬ ಐದು ೨೦೨೬ರಿಂದ ಸೇರಲು ಒಪ್ಪಿದುವು. ೨೦೨೫ರ ಜೂನ್ ಕೊನೆಯಲ್ಲಿ ಟೆಕ್ಸಸ್ ಸ್ಟೇಟ್ ಎಂಟನೆಯದಾಯಿತು. ಫುಟ್‌ಬಾಲ್ ಆಡದ ಗೊಂಜಾಗ ಉಳಿದ ಆಟಗಳಿಗೆ ಬಂದಿತು. ತಾವು ಅನುಭವಿಸಿದ ನೋವನ್ನು ಈಗ ಇವರು ಇನ್ನೊಂದು ಕೂಟಕ್ಕೆ ಉಂಟುಮಾಡಿದರೆಂಬುದನ್ನೂ ಮರೆಯಲಾಗದು. ಈ ಐವರನ್ನು ತಂದದ್ದು ಮೌಂಟನ್ ವೆಸ್ಟ್ ಎಂಬ ನೆರೆಯ ಕೂಟದಿಂದಲೇ. ಒಂದು ಮನೆ ಒಡೆದರೆ ಆ ಬಿರುಕು ಬೀದಿಯ ಕೊನೆಯ ಮನೆಗೂ ಮುಟ್ಟುತ್ತದೆ.

ಒರೆಗಾನ್ ಸ್ಟೇಟ್ ತಂಡದ ಹೆಸರು ಬೀವರ್. ಮರವನ್ನು ಹಲ್ಲಿನಿಂದ ಕಡಿದು ತೊರೆಗೆ ಒಡ್ಡು ಕಟ್ಟುವ ಆ ಪ್ರಾಣಿಯು, ಪ್ರವಾಹದಲ್ಲಿ ಒಡ್ಡು ಕೊಚ್ಚಿಹೋದರೆ ಮತ್ತೆ ಕಟ್ಟುತ್ತದೆ. ಹೊಸ ಒಡ್ಡು ನಿಲ್ಲುವುದೋ ಇಲ್ಲವೋ ಕಾಲವೇ ಹೇಳಬೇಕು. ನಾವು ತಿಳಿಯತಕ್ಕದ್ದು ಇಷ್ಟು: ಇಪ್ಪತ್ತೆಂಟು ವರ್ಷದ ಸೋಲನ್ನು ತಡೆದುಕೊಳ್ಳುವ ಶಕ್ತಿಯು ಆ ತಂಡಕ್ಕೆ ಬಂದದ್ದು ತೋಳ್ಬಲದಿಂದಲ್ಲ, ಪಕ್ಕದ ಮನೆಯವರು ತಪ್ಪದೆ ಬಂದು ಆಡುತ್ತಿದ್ದುದರಿಂದ. ಸೋಲಿಸುವುದಕ್ಕಾದರೂ ಬಾಗಿಲಿಗೆ ಬರುವ ನೆರೆಯವನು ಭಾಗ್ಯವೇ ಸರಿ.