ನಾಯಿಗೆ ಇನ್ಶೂರೆನ್ಸ್ ಬೇಕಾ? ಒಂದು ಮಾವಿನ ಗೊರಟು ಕಲಿಸಿದ ಲೆಕ್ಕ

(ಈ ವಾರದ ಎಪಿಸೋಡ್‌ನ ಬರಹ ರೂಪ)

ಇವತ್ತು ಪೆಟ್ ಇನ್ಶೂರೆನ್ಸ್ ಬಗ್ಗೆ ಮಾತಾಡೋಣ. ದುಡ್ಡು ಕೊಟ್ಟು ತಗೊಳ್ಳೋದು ಲಾಭನಾ, ದಂಡನಾ?

ಮೊದಲು ನನ್ನ ಕಥೆ ಹೇಳಿಬಿಡ್ತೀನಿ. ಹೋದ ವರ್ಷ ಮೇ ತಿಂಗಳು, ಮಾವಿನ ಸೀಸನ್. ನಮ್ಮನೆ ನಾಯಿ ಬೆಲ್ಲ, ಬೀದಿಯಿಂದ ತಂದು ಸಾಕಿದ ನಾಟಿ ನಾಯಿ, ಯಾರೂ ನೋಡದೇ ಇದ್ದಾಗ ಒಂದು ಗೊರಟು ನುಂಗಿಬಿಟ್ಟಿತ್ತು. ಎರಡು ದಿನ ಬರೀ ವಾಂತಿ, ನೀರೂ ನಿಲ್ಲಲಿಲ್ಲ. ರಾತ್ರಿ ಹನ್ನೊಂದು ಗಂಟೆಗೆ ಆಟೋದಲ್ಲಿ ಕ್ಲಿನಿಕ್‌ಗೆ ಓಡಿದ್ವಿ. ಸ್ಕ್ಯಾನ್ ಮಾಡಿದ ಡಾಕ್ಟರ್, 'ಗೊರಟು ಕರುಳಲ್ಲಿ ಸಿಕ್ಕಾಕ್ಕೊಂಡಿದೆ, ಈಗಲೇ ಆಪರೇಷನ್ ಆಗ್ಬೇಕು' ಅಂದ್ರು.

ನನ್ನ ಬಾಯಿಂದ ಬಂದ ಮೊದಲ ಮಾತು, 'ಎಷ್ಟಾಗುತ್ತೆ ಮೇಡಂ?'

ಸುಮಾರು 42,000 ಅಂದ್ರು. ನನ್ನ ಅಕೌಂಟಲ್ಲಿ ಇದ್ದದ್ದು 11,000. ಹೊರಗೆ ಬಂದು ಮೂರು ಜನಕ್ಕೆ ಫೋನ್ ಮಾಡಿ ದುಡ್ಡು ಹೊಂದಿಸೋಕೆ ಇಪ್ಪತ್ತು ನಿಮಿಷ ಹಿಡೀತು. ಬೆಲ್ಲ ಬದುಕಿತು, ಇವತ್ತಿಗೂ ಸೋಫಾ ಮೇಲೇ ಮಲಗುತ್ತೆ. ಆದ್ರೆ ಆ ಇಪ್ಪತ್ತು ನಿಮಿಷ ಅದು ಟೇಬಲ್ ಮೇಲೆ ಕಾಯ್ತಾ ಇತ್ತಲ್ಲ, ಅದನ್ನ ನಾನು ಮರೆತಿಲ್ಲ.

ಆಮೇಲೆ ಒಂದು ವಾರ ಕೂತು ಒಂದಷ್ಟು ಪಾಲಿಸಿಗಳನ್ನ ಓದಿದೆ. ಅರ್ಥ ಆದದ್ದನ್ನ ಹೇಳ್ತೀನಿ.

ಪ್ರಾಣಿಗೆ ವಿಮೆ ಅನ್ನೋದು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಊರಲ್ಲಿ ಹಸುವಿನ ಕಿವಿಗೆ ಹಳದಿ ಟ್ಯಾಗ್ ಹಾಕಿರೋದನ್ನ ನೋಡಿರ್ತೀರಾ. ಅದರ ಮೇಲಿನ 12 ಅಂಕಿಯ ನಂಬರೇ ಹಸುವಿನ ಗುರುತು. ರಾಷ್ಟ್ರೀಯ ಜಾನುವಾರು ಮಿಷನ್ ಅಡಿಯಲ್ಲಿ ರೈತರು ಕಟ್ಟಬೇಕಾದ ಪ್ರೀಮಿಯಂ ಪಾಲನ್ನ 2024ರಲ್ಲಿ ಶೇ 15ಕ್ಕೆ ಇಳಿಸಿದ್ರು, ಉಳಿದದ್ದನ್ನ ಸರ್ಕಾರಗಳು ಕಟ್ಟುತ್ತವೆ. ಅಲ್ಲಿ ಲೆಕ್ಕ ಸುಲಭ. ಹಸುವಿಗೆ ಮಾರುಕಟ್ಟೆ ಬೆಲೆ ಇದೆ, ಹಸು ಸತ್ತರೆ ಆ ಬೆಲೆ ನೋಡಿ ಪರಿಹಾರ ಕೊಡ್ತಾರೆ.

ಬೀದಿಯಿಂದ ತಂದ ಬೆಲ್ಲಗೆ ಎಲ್ಲಿಯ ಮಾರುಕಟ್ಟೆ ಬೆಲೆ? ಸತ್ತಮೇಲೆ ಬರೋ ದುಡ್ಡು ನನಗೆ ಬೇಡವೂ ಬೇಡ. ನನಗೆ ಬೇಕಿರೋದು ಚಿಕಿತ್ಸೆಯ ಖರ್ಚು. ಅದಕ್ಕೇ ನಾಯಿ ಪಾಲಿಸಿ ನೋಡುವಾಗ ಮೊದಲ ಪ್ರಶ್ನೆ: ಇದರಲ್ಲಿ ಸರ್ಜರಿ, ಆಸ್ಪತ್ರೆ ಖರ್ಚು ಸೇರಿದೆಯಾ, ಇಲ್ಲಾ ಸಾವು ಮತ್ತೆ ಕಳ್ಳತನಕ್ಕೆ ಮಾತ್ರನಾ? ಎಷ್ಟೋ ಕಡೆ ಚಿಕಿತ್ಸೆಯ ಭಾಗಕ್ಕೆ ಬೇರೆ ದುಡ್ಡು ಕೊಡಬೇಕು.

ಈಗ ಒಂದು ಲೆಕ್ಕ. ಇದು ಉದಾಹರಣೆ ಮಾತ್ರ, ಯಾವುದೇ ಕಂಪನಿಯ ರೇಟ್ ಅಲ್ಲ. ವರ್ಷಕ್ಕೆ 5,000 ಪ್ರೀಮಿಯಂ, 50,000 ಕವರ್, ಶೇ 20 ಕೋ-ಪೇ ಅಂದ್ಕೊಳ್ಳಿ. ಕೋ-ಪೇ ಅಂದ್ರೆ ಬಿಲ್‌ನಲ್ಲಿ ನಿಮ್ಮ ಪಾಲು. ನನ್ನ 42,000 ಬಿಲ್‌ನಲ್ಲಿ ಆಹಾರ, ಕುತ್ತಿಗೆಗೆ ಹಾಕೋ ಕಾಲರ್ ಅಂತ 2,000 ತೆಗೆದುಹಾಕ್ತಾರೆ. ಉಳಿದ 40,000ದಲ್ಲಿ ಶೇ 20, ಅಂದ್ರೆ 8,000 ನನ್ನದು. ಕೈಗೆ ಬರೋದು 32,000. ಕೆಟ್ಟದ್ದೇನಲ್ಲ. ಆದ್ರೆ ಪಾಲಿಸಿಯೊಳಗೆ 'ಸರ್ಜರಿಗೆ ಗರಿಷ್ಠ 25,000' ಅಂತ ಸಣ್ಣ ಅಕ್ಷರದಲ್ಲಿ ಇದ್ರೆ? ಬರೋದು 25,000 ಮಾತ್ರ.

ಇನ್ನೊಂದು ಕಡೆ, ತಿಂಗಳಿಗೆ 400 ರೂಪಾಯಿಯಂತೆ ಆರ್‌ಡಿ ಕಟ್ಟಿದ್ರೆ ಐದು ವರ್ಷಕ್ಕೆ 24,000, ಜೊತೆಗೆ ಬಡ್ಡಿ. ಏನೂ ಆಗದಿದ್ರೆ ಆ ದುಡ್ಡು ನಿಮ್ಮದೇ. ಆದ್ರೆ ಮೂರನೇ ತಿಂಗಳಲ್ಲೇ ಗೊರಟು ನುಂಗಿದ್ರೆ? ಕೈಯಲ್ಲಿರೋದು ಬರೀ 1,200. ಇನ್ಶೂರೆನ್ಸ್ ಬೆಲೆ ಇರೋದು ಅಲ್ಲೇ. ಉಳಿತಾಯ ಬೆಳೆಯೋ ಮೊದಲೇ ಬರೋ ದೊಡ್ಡ ಬಿಲ್‌ಗೆ ಅದು ಆಸರೆ. ಲಸಿಕೆ, ಜಂತುಹುಳು ಮಾತ್ರೆ, ಹಲ್ಲು ಕ್ಲೀನಿಂಗ್, ಸಂತಾನಹರಣದಂಥ ಮಾಮೂಲಿ ಖರ್ಚಿಗೆ ಸಾಮಾನ್ಯವಾಗಿ ಅದು ಬರಲ್ಲ.

ನನಗೆ ಶಾಕ್ ಆದದ್ದು ಬೇರೆ ವಿಷಯಕ್ಕೆ. ಬಹಳಷ್ಟು ಪಾಲಿಸಿಗಳಲ್ಲಿ ಬಿಲ್ ಮೊದಲು ನಾವೇ ಕಟ್ಟಬೇಕು, ಆಮೇಲೆ ಕ್ಲೇಮ್ ಹಾಕಿ ವಾಪಸ್ ತಗೋಬೇಕು. ಅಂದ್ರೆ ಪಾಲಿಸಿ ಇದ್ದಿದ್ರೂ ಆ ರಾತ್ರಿ ನಾನು ಮೂರು ಜನಕ್ಕೆ ಫೋನ್ ಮಾಡಲೇಬೇಕಿತ್ತು! ಹಾಗಾಗಿ ಆ ಇಪ್ಪತ್ತು ನಿಮಿಷವನ್ನ ಉಳಿಸೋದು ಇನ್ಶೂರೆನ್ಸ್ ಅಲ್ಲ, ಕೈಗೆ ತಕ್ಷಣ ಸಿಗೋ ದುಡ್ಡು. ಮೊದಲು ಸಣ್ಣದೊಂದು ತುರ್ತು ನಿಧಿ, ಅದರ ಮೇಲೆ ಪಾಲಿಸಿ. ನನ್ನ ಪ್ರಕಾರ ಇದೇ ಸರಿಯಾದ ಕ್ರಮ.

ಕ್ಲೇಮ್ ಯಾಕೆ ರಿಜೆಕ್ಟ್ ಆಗುತ್ತೆ? ಸಾಮಾನ್ಯ ಕಾರಣಗಳು ಇಷ್ಟು:

ಒಂದು, ವೇಟಿಂಗ್ ಪೀರಿಯಡ್. ಪಾಲಿಸಿ ತಗೊಂಡ ಮೊದಲ ಕೆಲವು ದಿನ ಕಾಯಿಲೆಗೆ ಕವರ್ ಇರಲ್ಲ.

ಎರಡು, ಮೊದಲೇ ಇದ್ದ ಕಾಯಿಲೆ. ತಳಿಯಿಂದಲೇ ಬರೋ ತೊಂದರೆಗಳನ್ನೂ ಹೊರಗಿಡಬಹುದು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಲ್ಲಿ ಕಾಣೋ ಸೊಂಟದ ಕೀಲಿನ ಸಮಸ್ಯೆ ಅಂಥದ್ದು. ಈ ತಳಿ ಸಾಕೋರು ಅದನ್ನೇ ಮೊದಲು ಕೇಳಿ.

ಮೂರು, ಲಸಿಕೆ. ಪಾರ್ವೋ, ಡಿಸ್ಟೆಂಪರ್‌ಗೆ ಲಸಿಕೆ ಇದೆ. ಹಾಕಿಸದೇ ಇದ್ದು ಆ ಕಾಯಿಲೆ ಬಂದ್ರೆ ದುಡ್ಡು ಬರೋದು ಕಷ್ಟ.

ನಾಲ್ಕು, ಗುರುತು. ಇದೇ ನಾಯಿಗೆ ಪಾಲಿಸಿ ಮಾಡಿಸಿದ್ದು ಅಂತ ತೋರಿಸೋಕೆ ಫೋಟೋ ಅಥವಾ ಮೈಕ್ರೋಚಿಪ್ ಬೇಕಾಗುತ್ತೆ.

ಕ್ಲೇಮ್ ನಿರಾಕರಿಸಿದ್ದು ಅನ್ಯಾಯ ಅನ್ನಿಸಿದ್ರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ರೆ ಅಥವಾ ಉತ್ತರ ಒಪ್ಪಿಗೆ ಆಗದಿದ್ರೆ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಹತ್ರ ಹೋಗಬಹುದು. ಬೆಂಗಳೂರಲ್ಲೇ ಆಫೀಸ್ ಇದೆ, ಫೀಸ್ ಇಲ್ಲ.

ಹಾಗಾದ್ರೆ ನಾನೇನು ಮಾಡಿದೆ? ಬೆಲ್ಲಗೆ ಈಗ ಎಂಟು ವರ್ಷ ದಾಟಿದೆ. ವಯಸ್ಸಾದ ನಾಯಿಗೆ ಹೊಸ ಪಾಲಿಸಿ ಸಿಗೋದು ಕಷ್ಟ, ಸಿಕ್ಕಿದ್ರೂ ಷರತ್ತು ಜಾಸ್ತಿ. ನಾನು ಆರ್‌ಡಿ ಶುರು ಮಾಡಿದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಯಾವ ಯಾವ ಚಿಕಿತ್ಸೆ ಯಾವ ಹೊತ್ತಲ್ಲಿ ಸಿಗುತ್ತೆ ಅಂತ ವಿಚಾರಿಸಿಟ್ಟುಕೊಂಡೆ. ಆದ್ರೆ ಮೂರು ತಿಂಗಳ ಲ್ಯಾಬ್ ಮರಿ ತಂದ ಗೆಳತಿಗೆ, 'ಪಾಲಿಸಿ ತಗೊಳ್ಳೇ, ಮರಿ ಆರೋಗ್ಯವಾಗಿರುವಾಗಲೇ ತಗೋ' ಅಂದೆ. ಇಬ್ಬರದೂ ಸರಿ, ಯಾಕಂದ್ರೆ ನಾಯಿಗಳು ಬೇರೆ, ಜೇಬೂ ಬೇರೆ.

ನಿಮಗೆ ನೀವೇ ಒಂದು ಪ್ರಶ್ನೆ ಕೇಳ್ಕೊಳ್ಳಿ: ಇವತ್ತು ರಾತ್ರಿ 40,000 ಕಟ್ಟು ಅಂದ್ರೆ ಕಟ್ಟೋಕಾಗುತ್ತಾ? ಆಗುತ್ತೆ ಅಂದ್ರೆ ಪಾಲಿಸಿ ನಿಮ್ಮಿಷ್ಟ. ಕಷ್ಟಪಟ್ಟು ಆಗುತ್ತೆ ಅಂದ್ರೆ, ಪಾಲಿಸಿ ನಿಮ್ಮಂಥೋರಿಗೇ ಇರೋದು. ಆಗಲ್ಲ ಅಂದ್ರೆ ಈ ತಿಂಗಳಿಂದಲೇ ಸ್ವಲ್ಪ ಸ್ವಲ್ಪ ಎತ್ತಿಡಿ.

ಎಪಿಸೋಡ್ ಮುಗಿಸೋ ಮೊದಲು ಎರಡು ಕೆಲಸ. ಲಸಿಕೆ ಕಾರ್ಡಿನ ಫೋಟೋ ತೆಗೆದು ಫೋನಲ್ಲಿ ಇಟ್ಕೊಳ್ಳಿ. ರಾತ್ರಿ ತೆರೆದಿರೋ ಹತ್ತಿರದ ಪ್ರಾಣಿಗಳ ಆಸ್ಪತ್ರೆಯ ನಂಬರ್ ಸೇವ್ ಮಾಡ್ಕೊಳ್ಳಿ. ಇವೆರಡಕ್ಕೂ ಒಂದು ಪೈಸೆ ಪ್ರೀಮಿಯಂ ಇಲ್ಲ.

ಹಾಂ, ಮಾವು ತಿಂದಮೇಲೆ ಗೊರಟು ಎಲ್ಲಿ ಎಸೆದ್ರಿ ಅಂತ ಒಮ್ಮೆ ನೋಡಿ. ಮುಂದಿನ ವಾರ ಸಿಗೋಣ.