ಉದುರುವ ಕೂದಲಿಗೆ ಕತ್ತರಿ ಯಾಕ?

ಅಣ್ಣಿಗೇರಿ ದಾಟಿ ನವಲಗುಂದದ ಕಡೆ ಹೊರಟರೆ ಕಡಲೆ ಕಿತ್ತು ಖಾಲಿಯಾದ ಎರಿ ಹೊಲಗಳಲ್ಲಿ ಈಗ ಅಲ್ಲಲ್ಲಿ ಕುರಿ ದಡ್ಡಿಗಳು. ಹೊಲಕ್ಕೆ ಹಿಕ್ಕೆ ಗೊಬ್ಬರ ಬೀಳಲೆಂದು ರೈತರೇ ಕರೆದು ಕುರಿ ತರುಬಿಸಿಕೊಳ್ಳುತ್ತಾರೆ. ಅಂಥದ್ದೊಂದು ದಡ್ಡಿಯಲ್ಲಿ ಕುರಿಗಾರರೊಬ್ಬರು ದಖನಿ ಕುರಿಯ ಕಾಲು ಕಟ್ಟಿ ಮಲಗಿಸಿಕೊಂಡು ತುಪ್ಪಟ ಕತ್ತರಿಸುತ್ತಿದ್ದರು. ಎರಡು ಅಲಗಿನ ದೊಡ್ಡ ಕತ್ತರಿ ಹೊಟ್ಟೆಯಿಂದ ಬೆನ್ನಿಗೆ ಸರಿದಂತೆಲ್ಲ ಕರಿ ತುಪ್ಪಟ ಹರಿಯದೆ ಒಂದೇ ಹಾಸಾಗಿ ಮಗುಚಿ ಬೀಳುತ್ತಿತ್ತು. ಕೆಳಗೆ ಬೂದು ಬಣ್ಣದ ಚರ್ಮ, ಅದರ ಮೇಲೊಂದು ಗೀರಿಲ್ಲ. ಚಕ್ಕಡಿಯ ನೆರಳಿನಲ್ಲಿ ಮೂರು ನಾಯಿಗಳು ಮಲಗಿದ್ದವು. ನಾನು ಹೋಗಿದ್ದೇ ಅವುಗಳನ್ನು ನೋಡಲಿಕ್ಕೆ.

ಮಾತಿಗೆ ಮಾತು ಬಂದು, ಫೋನಿನಲ್ಲಿದ್ದ ಒಂದು ಚಿತ್ರ ತೋರಿಸಿದೆ. ಹಿಮದ ಮೇಲೆ ಹಿಮಸಾರಂಗಗಳ ಹಿಂಡು, ಪಕ್ಕದಲ್ಲಿ ಮೈತುಂಬ ದಟ್ಟ ಕೂದಲಿನ, ಕುತ್ತಿಗೆಗೆ ಉಣ್ಣೆಯ ಪಟ್ಟಿ ಸುತ್ತಿದಂತೆ ಕಾಣುವ ಫಿನ್ನಿಶ್ ಲ್ಯಾಪ್‌ಹುಂಡ್. ಅವರು ಕತ್ತರಿ ಕೆಳಗಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: “ಇದರ ಉಣ್ಣಿ ವರ್ಷಕ್ಕ ಎಷ್ಟ ಸಲ ಕತ್ತರಸ್ತಾರ್ರೀ?”

ನಾಯಿ ಸಾಕಿದವರನ್ನು ಬೇಸಿಗೆ ಬಂದಾಗಲೆಲ್ಲ ಕಾಡುವ ಪ್ರಶ್ನೆ ಇದೇ. ಹುಬ್ಬಳ್ಳಿಯ ನಮ್ಮ ಬಂಧುಗಳ ಮನೆಯ ಹಸ್ಕಿಗೆ ಸೆಖೆಯಾಗುತ್ತದೆಂದು ಯಾರೋ ಹೇಳಿ, ನಾಯಿಗಳ ಕ್ಷೌರದಂಗಡಿಯೊಂದರಲ್ಲಿ ಮೈಯೆಲ್ಲ ಬೋಳಿಸಿ ತಂದಿದ್ದರು. ಮುಂದಿನ ಬೇಸಿಗೆ ಬಂದರೂ ಸೊಂಟದ ಮೇಲೆ ಕೂದಲು ಸರಿಯಾಗಿ ಮೂಡಿರಲಿಲ್ಲ. ಆ ಕಥೆಯನ್ನೂ ಹೇಳಿದೆ. ಕುರಿಗಾರರು ಚಕ್ಕಡಿ ಕೆಳಗಿನ ನಾಯಿಯನ್ನು ಕರೆದು, ಅದರ ತೊಡೆಯ ಹಿಂದೆ ಬೆರಳಾಡಿಸಿ, ಬಿಡಿ ಕೂದಲಿನ ಒಂದು ಎಸಳು ಎಳೆದು ನನ್ನ ಅಂಗೈ ಮೇಲಿಟ್ಟರು. “ಕುರೀದು ಬೆಳಕೋಂತ ಹೊಕ್ಕೈತಿ, ನಾಯೀದು ಉದುರಿ ಹೊಕ್ಕೈತಿ. ಉದುರೋದಕ್ಕ ಕತ್ತರಿ ಯಾಕ ಬೇಕ್ರಿ?”

ಪಶುವೈದ್ಯರು ಹೇಳುವುದೂ ಇದನ್ನೇ. ತುಪ್ಪಟಕ್ಕೆಂದು ಸಾಕಿದ ಕುರಿಯ ಉಣ್ಣೆ ನಿಲ್ಲದೆ ಬೆಳೆಯುತ್ತದೆ; ಕತ್ತರಿಸದಿದ್ದರೆ ಕುರಿಗೇ ಭಾರ. ಹಾಗಾಗಿಯೇ ವರ್ಷಕ್ಕೆ ಎರಡು ಸಲ ಕತ್ತರಿ. ಉತ್ತರದ ಚಳಿನಾಡಿನ ನಾಯಿಯ ಮೈಮೇಲಿನದು ಎರಡು ಪದರ. ಮೇಲೆ ನೀರು, ಹಿಮ ಜಾರಿಹೋಗುವಂಥ ಉದ್ದನೆಯ ಬಿರುಸು ಕೂದಲು. ಕೆಳಗೆ ಗಾಳಿಯನ್ನು ಹಿಡಿದಿಡುವ ಮೆತ್ತನೆಯ ಒಳಗೂದಲು. ಇವು ಒಂದು ಅಳತೆಗೆ ಬೆಳೆದು ನಿಲ್ಲುತ್ತವೆ, ಋತು ಬದಲಾದಾಗ ಒಳಗೂದಲು ಕಂತೆಕಂತೆಯಾಗಿ ಉದುರುತ್ತದೆ. ಬೇಸಿಗೆಗೆ ಬೇಕಾದ ಏರ್ಪಾಟನ್ನು ದೇಹವೇ ಮಾಡಿಕೊಳ್ಳುತ್ತದೆ. ಮೇಲಿನ ಪದರ ಬಿಸಿಲಿಗೂ ಮರೆ. ಅದನ್ನು ಬೋಳಿಸಿದರೆ ಚರ್ಮ ನೇರ ಬಿಸಿಲಿಗೆ ಬೀಳುತ್ತದೆ; ಕೆಲವು ನಾಯಿಗಳಲ್ಲಿ ಹೊಸ ಕೂದಲು ಬರಲು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷ ಮೀರಿ ಕಾಯಬೇಕಾಗುತ್ತದೆ.

ಲ್ಯಾಪ್‌ಹುಂಡ್‌ನ ಚರಿತ್ರೆ ಸಂಕ್ಷೇಪವಾಗಿ ಇಷ್ಟು. ಫಿನ್‌ಲೆಂಡ್, ಸ್ವೀಡನ್, ನಾರ್ವೆಗಳ ಉತ್ತರ ತುದಿಯ ಸಾಮಿ ಜನ ಹಿಮಸಾರಂಗ ಮೇಯಿಸಲು ಕಟ್ಟಿಕೊಂಡ ನಾಯಿ ಇದು. ಬೊಗಳುತ್ತಲೇ ಹಿಂಡನ್ನು ಕೂಡಿಸುತ್ತದೆ, ತಿರುಗಿಸುತ್ತದೆ. ಫಿನ್‌ಲೆಂಡಿನಲ್ಲಿ 1945ರಲ್ಲಿ ತಳಿಯ ಲಕ್ಷಣಗಳನ್ನು ಮೊದಲು ಬರೆದಿಟ್ಟರು. 1960ರ ದಶಕದಲ್ಲಿ ಹಿಮದ ಮೇಲೆ ಓಡುವ ಮೋಟಾರು ಬಂಡಿ ಬಂದು ನಾಯಿಯ ಕೆಲಸ ಕಡಿಮೆಯಾಯಿತು. ಅದೇ ದಶಕದಲ್ಲಿ ಉದ್ದ ಕೂದಲಿನದು ಲ್ಯಾಪ್‌ಹುಂಡ್, ಗಿಡ್ಡ ಕೂದಲಿನದು ಲ್ಯಾಪೋನಿಯನ್ ಹರ್ಡರ್ ಎಂದು ತಳಿ ಎರಡಾಯಿತು. ನನಗೆ ಮುಖ್ಯವೆನಿಸಿದ ಸಂಗತಿ ಇಲ್ಲಿದೆ: ಹಿಂಡಿನ ಕೆಲಸಕ್ಕೆ ಹೆಚ್ಚಾಗಿ ಉಳಿದದ್ದು ಗಿಡ್ಡ ಕೂದಲಿನದು. ಚಿತ್ರಗಳಲ್ಲಿ ಮನಸ್ಸು ಕದಿಯುವ ದಟ್ಟ ಕೂದಲಿನದು ಮನೆಗಳಿಗೆ ಹೋಯಿತು. ಅಂಥ ಚಳಿಯಲ್ಲೂ ದುಡಿಯುವವನು ಆರಿಸಿಕೊಂಡದ್ದು ಕೆಲಸಕ್ಕೆ ಹಗುರಾದ ನಾಯಿಯನ್ನು.

ಹಾಗಾದರೆ ಕುರಿಯಂತೆ ಕತ್ತರಿಸಿಕೊಳ್ಳುವ ನಾಯಿ ಜಗತ್ತಿನಲ್ಲಿ ಇರಲೇ ಇಲ್ಲವೇ? ಇತ್ತು. ಅದರ ಬಗ್ಗೆ ಓದಿದಾಗಿನಿಂದ ನನಗೆ ಅದರದೇ ಗುಂಗು. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಸಾಲಿಶ್ ಜನರಲ್ಲಿ ಕುರಿ ಇರಲಿಲ್ಲ. ಅವರು ಉಣ್ಣೆಗಾಗಿಯೇ ಬಿಳಿ ನಾಯಿಗಳನ್ನು ಸಾಕಿದ್ದರು. ಬೇರೆ ನಾಯಿಗಳ ಜೊತೆ ಬೆರೆತು ತಳಿ ಕೆಡದಂತೆ ಚಿಕ್ಕ ದ್ವೀಪಗಳಲ್ಲಿ, ದೊಡ್ಡಿಗಳಲ್ಲಿ ಪ್ರತ್ಯೇಕವಾಗಿ ಇಡುತ್ತಿದ್ದರು. ಸಾಲ್ಮನ್ ಮೀನು ಹಾಕಿ ಸಲಹುತ್ತಿದ್ದರು. ಕತ್ತರಿಸಿದ ಉಣ್ಣೆಗೆ ಬೆಟ್ಟದ ಮೇಕೆಯ ಕೂದಲು, ಗಿಡದ ನಾರು ಬೆರೆಸಿ, ಬಿಳಿ ಮಣ್ಣಿನ ಪುಡಿ ಹಾಕಿ ಬಡಿದು ಜಿಡ್ಡು ತೆಗೆದು, ನೂತು, ಕಂಬಳಿ ನೇಯುತ್ತಿದ್ದರು. ಆ ಕಂಬಳಿ ಹೊದ್ದವರಿಗೆ ಸಮಾಜದಲ್ಲಿ ಮಾನ. ನಾಯಿಗಳನ್ನು ಸಾಕುವುದು, ನೇಯುವುದು ಎರಡೂ ಹೆಣ್ಣುಮಕ್ಕಳ ಕೈಯಲ್ಲಿತ್ತು. 1792ರಲ್ಲಿ ಅಲ್ಲಿಗೆ ಹೋದ ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರ್, ಕುರಿಯಂತೆ ಚರ್ಮದ ಮಟ್ಟಕ್ಕೆ ಕತ್ತರಿಸಿದ ಈ ನಾಯಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಕತ್ತರಿಸಿದ ಉಣ್ಣೆ ಎಷ್ಟು ಒತ್ತಾಗಿತ್ತೆಂದರೆ ಒಂದು ಮೂಲೆ ಹಿಡಿದು ಎತ್ತಿದರೆ ಹರಿಯದೆ ಏಳುತ್ತಿತ್ತಂತೆ.

ಆ ತಳಿ ಈಗಿಲ್ಲ. ಉಳಿದಿರುವುದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿ ಒಂದು ನಾಯಿಯ ತೊಗಲು. ಜಾರ್ಜ್ ಗಿಬ್ಸ್ ಎಂಬ ಸಂಶೋಧಕನ ಬಳಿಯಿದ್ದ ಆ ನಾಯಿ 1859ರಲ್ಲಿ ಸತ್ತಿತು. ಅದರ ಹೆಸರು ಮಟನ್. 2023ರ ಡಿಸೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಅದೇ ತೊಗಲಿನ ವಂಶವಾಹಿಗಳನ್ನು ಓದಿ, ಈ ತಳಿ ಉಳಿದ ನಾಯಿಗಳಿಂದ ಬೇರೆಯಾಗಿ ಸುಮಾರು ಐದು ಸಾವಿರ ವರ್ಷ ಆಗಿರಬಹುದೆಂದು ಲೆಕ್ಕ ಹಾಕಿತು. ಗಿರಣಿ ಕಂಬಳಿ ಅಗ್ಗವಾಗಿ ಸಿಕ್ಕಿದ್ದರಿಂದ ಜನ ನಾಯಿಗಳನ್ನು ಕೈಬಿಟ್ಟರೆಂಬ ಹಳೆಯ ವಿವರಣೆಯನ್ನು ಸಾಲಿಶ್ ಹಿರಿಯರು ಒಪ್ಪುವುದಿಲ್ಲ. ಸಿಡುಬಿನಿಂದ ಊರೂರು ಬರಿದಾದದ್ದು, ವಸಾಹತು ಆಡಳಿತ ಅವರ ಆಚಾರಗಳ ಮೇಲೆ ಹೇರಿದ ನಿರ್ಬಂಧ ಇವೇ ಕಾರಣ ಎನ್ನುತ್ತಾರೆ. ನಾನು ಹಿರಿಯರ ಮಾತನ್ನೇ ನಂಬುತ್ತೇನೆ. ಅಷ್ಟು ಜೋಪಾನವಾಗಿ ಕಾಪಾಡಿದ ಜೀವವನ್ನು ಯಾರೂ ಬೆಲೆ ನೋಡಿ ಬಿಡುವುದಿಲ್ಲ.

ದಡ್ಡಿಯಲ್ಲಿ ಇದನ್ನು ಹೇಳಿದಾಗ ಹೆಚ್ಚು ಆಸ್ಥೆಯಿಂದ ಕೇಳಿದ್ದು ಒಲೆಯ ಮುಂದಿದ್ದ ಅಜ್ಜಿ. ಆ ನೂಲು ಕೈಯಲ್ಲಿ ನೂಲುತ್ತಿದ್ದರೋ ರಾಟೆಯಲ್ಲೋ, ಕಂಬಳಿಗೆ ಹುಣಸೆ ಬೀಜದ ಗಂಜಿ ಹಚ್ಚುತ್ತಿದ್ದರೋ ಇಲ್ಲವೋ ಎಂದು ವಿಚಾರಿಸಿದರು. ಅವರದೇ ತುಪ್ಪಟಕ್ಕೆ ಈಗ ಕತ್ತರಿಸುವ ಕೂಲಿಯೂ ಹುಟ್ಟುವುದಿಲ್ಲವಂತೆ. ದಖನಿ ಕುರಿ ಇದ್ದಲ್ಲೆಲ್ಲ ಮಾಂಸಕ್ಕೆ ಒದಗುವ ಎಳಗ ಬರುತ್ತಿದೆ. ಅದರ ಮೈಮೇಲೆ ಕಂಬಳಿಗಾಗುವ ಉಣ್ಣೆಯಿಲ್ಲ.

ಇಷ್ಟಾಗಿಯೂ ದಟ್ಟ ಕೂದಲಿನ ನಾಯಿ ನಮ್ಮ ಊರುಗಳಿಗೂ ಬಂದಿದೆ. ಮಾರಾಟದ ತಳಿ ಬೆಳೆಸಲು ನಾಯಿಗಳನ್ನು ಹೊರದೇಶದಿಂದ ತರಿಸುವುದಕ್ಕೆ ಕೇಂದ್ರ ಸರಕಾರ 2016ರಲ್ಲೇ ತಡೆ ಹಾಕಿದರೂ ಇಲ್ಲೇ ಹುಟ್ಟಿದ ಮರಿಗಳು ಮಾರಾಟವಾಗುತ್ತಲೇ ಇವೆ. ನನ್ನನ್ನು ಕೇಳಿದರೆ ನವಲಗುಂದದ ಬಿಸಿಲಿಗೆ ಅಂಥ ಮರಿ ತರಬೇಡಿ ಎನ್ನುತ್ತೇನೆ. ಬಂದಾಗಿದ್ದರೆ ಅದು ಸುಖವಾಗಿ ಬದುಕುವಂತೆ ನೋಡಿಕೊಳ್ಳುವುದು ನಮ್ಮ ಹೊಣೆ.

ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಬೆವರುವುದು ಪಾದದ ಅಡಿ ಮಾತ್ರ. ಮೈ ತಣಿಸಿಕೊಳ್ಳುವುದು ನಾಲಿಗೆ ಚಾಚಿ ತೇಕುವುದರಿಂದ. ಅದರ ಸಹಜ ಮೈಬಿಸಿಯೇ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಏಪ್ರಿಲಿನಲ್ಲಿ ಎರಿ ಸೀಮೆಯ ಗಾಳಿಯೇ 40ರ ಹತ್ತಿರ ಬಂದಾಗ ಅದಕ್ಕೆ ದಾರಿ ಉಳಿಯುವುದಿಲ್ಲ. ಓಡಾಟವೆಲ್ಲ ಸೂರ್ಯ ಹುಟ್ಟುವ ಮೊದಲು, ಮುಳುಗಿದ ಮೇಲೆ. ದಪ್ಪ ಗೋಡೆಯ ಹಳೆಯ ಮಣ್ಣಿನ ಮಾಳಿಗೆ ಮನೆ ಇದ್ದರೆ ಅದರ ಪಡಸಾಲೆಯೇ ನಾಯಿಗೆ ಹಗಲಿನ ಜಾಗ. ನಾಯಿ ತೂರಾಡಿದರೆ, ತೇಕುವುದು ನಿಲ್ಲದಿದ್ದರೆ, ಹೊಟ್ಟೆ ಮತ್ತು ತೊಡೆಸಂದಿಗೆ ನೀರು ಹಾಕಿ ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಒಯ್ಯಬೇಕು. ಹಣಿಗೆಯಿಂದ ಒಳಗೂದಲು ಬಾಚಿ ತೆಗೆಯುವುದು ನಿತ್ಯದ ಕೆಲಸ. ಕಲಘಟಗಿಯ ಕಡೆ ಮಳೆ ಹಿಡಿದರೆ ಬಿಡದು. ಅಲ್ಲಿ ಒಳಗೂದಲು ಒಣಗದೆ ಚರ್ಮಕ್ಕೆ ಬೂಸು ಹತ್ತುತ್ತದೆ, ಉಣುಗು ಅವಿತು ಕೂತು ಜ್ವರ ತರುತ್ತದೆ. ಕುಂದಗೋಳದ ಹೊಲದಲ್ಲಿ ಎರಿ ಮಣ್ಣು ಬೆರಳ ಸಂದಿಗೆ ಮೆತ್ತಿ ಒಣಗಿ ಕಲ್ಲಾಗುತ್ತದೆ, ನೆಗ್ಗಿಲ ಮುಳ್ಳು ಅದರೊಳಗೇ ಉಳಿಯುತ್ತದೆ. ಸಂಜೆಗೊಮ್ಮೆ ನಾಲ್ಕೂ ಪಾದ ತೊಳೆದು ಬಿಡಿಸಿ ನೋಡಲೇಬೇಕು.

ಕುರಿಗಾರರ ನಾಯಿಗಳಿಗೆ ಇಷ್ಟು ಬೇಕಿಲ್ಲ. ಅವು ಯಾವ ತಳಿಯ ಪಟ್ಟಿಯಲ್ಲೂ ಇಲ್ಲ. ಒಂದರ ಉದ್ದ ಮೂತಿ, ಒಳಸೇರಿದ ಹೊಟ್ಟೆಯಲ್ಲಿ ಮುಧೋಳದ ರಕ್ತ ಕಾಣುತ್ತಿತ್ತು. ಮುಧೋಳ ನಾಯಿಗೆ 2005ರಲ್ಲಿ ಅಂಚೆಚೀಟಿ ಬಂತು, ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರವೂ ಇದೆ. ದಡ್ಡಿಯ ನಾಯಿಗೆ ಅಂಥ ಮನ್ನಣೆ ಇಲ್ಲ. ಲ್ಯಾಪ್‌ಹುಂಡ್‌ನಂತೆ ಅದು ಹಿಂಡು ತಿರುಗಿಸುವುದೂ ಇಲ್ಲ. ಕುರಿ ತಿರುಗುವುದು ಕುರಿಗಾರನ ಸಿಳ್ಳೆಗೆ, ಕೂಗಿಗೆ. ನಾಯಿಯ ಪಾಳಿ ಶುರುವಾಗುವುದು ರಾತ್ರಿ, ಬಲೆ ಕಟ್ಟಿದ ಮೇಲೆ. ತೋಳ, ಕಳ್ಳ ಯಾರೇ ಬಂದರೂ ಮೊದಲು ತಿಳಿಯುವುದು ಅದಕ್ಕೆ. ಕೂಲಿ ಜೋಳದ ರೊಟ್ಟಿ, ಮಜ್ಜಿಗೆ, ಸತ್ತ ಕುರಿಯ ಪಾಲು.

ಆ ಕೊನೆಯ ಪಾಲಿನಲ್ಲೇ ಅಪಾಯವಿದೆ. ಕುರಿ ಇದ್ದಲ್ಲೇ ಸುತ್ತು ಹೊಡೆದು, ಕತ್ತು ವಾಲಿಸಿ, ಕಣ್ಣು ಕಾಣದೆ ಸಾಯುವ ಬೇನೆ ಕುರಿಗಾರರಿಗೆಲ್ಲ ಗೊತ್ತು. ಅದರ ಮೂಲ ನಾಯಿಯ ಕರುಳಿನ ಲಾಡಿಹುಳು. ಹುಳುವಿನ ತತ್ತಿ ನಾಯಿಯ ಹೇಲಿನಿಂದ ಹುಲ್ಲಿಗೆ, ಹುಲ್ಲಿನಿಂದ ಕುರಿಯ ಮಿದುಳಿಗೆ ಸೇರಿ ನೀರುಗುಳ್ಳೆಯಾಗುತ್ತದೆ. ಸತ್ತ ಕುರಿಯ ತಲೆಯನ್ನು ನಾಯಿಗೆ ಎಸೆದರೆ ಹುಳು ಮತ್ತೆ ನಾಯಿಗೇ. ಇದೇ ಜಾತಿಯ ಇನ್ನೊಂದು ಹುಳು ಮನುಷ್ಯನ ಯಕೃತ್ತಿನಲ್ಲಿ, ಶ್ವಾಸಕೋಶದಲ್ಲಿ ಗುಳ್ಳೆ ಕಟ್ಟುತ್ತದೆ. ಉತ್ತರ ನಾರ್ವೆಯ ಹಿಮಸಾರಂಗದ ನಾಡಿನಲ್ಲಿ ಆ ಹುಳುವಿನ ಕಾಟ ಬಹಳವಿತ್ತು. ಹಿಂಡಿನ ನಾಯಿಗಳಿಗೆ ತಪ್ಪದೆ ಹುಳುವಿನ ಔಷಧ ಕೊಟ್ಟು, ಹಸಿ ಒಳಾಂಗ ತಿನ್ನಿಸುವುದನ್ನು ಬಿಟ್ಟು ಅವರು ಅದನ್ನು ಹತೋಟಿಗೆ ತಂದರು.

ಇಲ್ಲೂ ಬೇಕಾದದ್ದು ಅಷ್ಟೇ. ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ರಾಜಿಕ್ವಾಂಟೆಲ್ ಗುಳಿಗೆ, ವರ್ಷಕ್ಕೊಮ್ಮೆ ಹುಚ್ಚುನಾಯಿ ರೋಗದ ಲಸಿಕೆ, ಸತ್ತ ಕುರಿಯ ತಲೆಯನ್ನು ಆಳವಾಗಿ ಹೂಳುವುದು. ಕುರಿಗಳಿಗೆ ಲಸಿಕೆ ಹಾಕಲು ಬರುವ ಪಶುಸಂಗೋಪನಾ ಇಲಾಖೆಯ ಸಿಬ್ಬಂದಿ ದಡ್ಡಿಯ ನಾಯಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮ ಕುರಿಗಾರರಿಗೆ ಕೊಡುವ ನೆರವಿನಲ್ಲಿ ನಾಯಿಯ ಗುಳಿಗೆಯೂ ಸೇರಬೇಕು. ತಮ್ಮ ಹೊಲದಲ್ಲಿ ಕುರಿ ತರುಬಿಸಿಕೊಳ್ಳುವ ರೈತರು ಗೊಬ್ಬರದ ಹಣದ ಜೊತೆ ಆ ಗುಳಿಗೆಯ ಖರ್ಚನ್ನೂ ಕೊಟ್ಟರೆ, ಹಿಂಡು ಉಳಿಯುತ್ತದೆ, ಮುಂದಿನ ವರ್ಷವೂ ಹೊಲಕ್ಕೆ ಗೊಬ್ಬರ ಬೀಳುತ್ತದೆ.